ಔಟ್‌ಬೋರ್ಡ್ ಇಂಜಿನ್ ನೀರು ಸಣ್ಣಗೆ ಬಿಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ಅಣ್ಣ, ನಮ್ಮ ನಾಡದೋಣಿಗೆ 9.9 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇದೆ. ಗಂಗೊಳ್ಳಿ ಅಳಿವೆ ದಾಟಿ ಹೋಗಿ ಬರುವುದು. ಎರಡು ವಾರದಿಂದ, ಇಂಜಿನ್ ತಣಿಸಿ ಹಿಂದಿನ ತೂತಿನಿಂದ ಹೊರಬರುವ ನೀರು ನೂಲಿನಷ್ಟು ಸಣ್ಣಗೆ ಬೀಳುತ್ತಿದೆ. ಅರ್ಧ ಗಂಟೆ ಓಡಿಸಿ ಹೆಡ್ ಮೇಲೆ ನೀರು ಚಿಮುಕಿಸಿದರೆ ಚುರ್ ಎನ್ನುತ್ತದೆ. ನೀರೆತ್ತುವ ಪಂಪಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ಹೋಗಿದೆಯಾ? ನಾನೇ ಬಿಚ್ಚಬಹುದಾ?

ಉತ್ತರ: ಚುರ್ ಎನ್ನುವ ಇಂಜಿನ್ನನ್ನು ಇನ್ನು ಓಡಿಸಲೇಬೇಡಿ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬಿಚ್ಚುವ ಮೊದಲು ಎರಡು ಕಡೆ ನೋಡಿ. ನೀರು ಬೀಳುವ ತೂತಿಗೆ ದಪ್ಪ ತಂಗೂಸು (ನೈಲಾನ್ ದಾರ) ತೂರಿಸಿ ಆಡಿಸಿ. ಉಪ್ಪು, ಮರಳು ಕಟ್ಟಿದ್ದರೆ ಉದುರುತ್ತದೆ. ಕೆಳಗೆ ನೀರು ಎಳೆಯುವ ಜಾಲರಿಗೆ ಪ್ಲಾಸ್ಟಿಕ್ ಅಂಟಿದೆಯಾ ನೋಡಿ. ಎರಡೂ ಸ್ವಚ್ಛವಿದ್ದರೆ ಇಂಪೆಲ್ಲರ್ ನೋಡಲೇಬೇಕು. ಅಳಿವೆಯ ಮರಳುನೀರಿನಲ್ಲಿ ಅದು ಬೇಗ ಸವೆಯುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.

ಪ್ಲಗ್ ಕ್ಯಾಪ್ ತೆಗೆದಿಟ್ಟು, ಗೇರ್ ರಾಡ್ ಜೋಡಣೆ ಬಿಡಿಸಿ, ಕೆಳಭಾಗದ ಬೋಲ್ಟ್ ಬಿಚ್ಚಿ ನೇರ ಕೆಳಕ್ಕೆ ಎಳೆಯಿರಿ. ಪಂಪಿನ ಮುಚ್ಚಳ ತೆಗೆದರೆ ಇಂಪೆಲ್ಲರ್ ಕಾಣುತ್ತದೆ. ರೆಕ್ಕೆಗಳು ಬಾಗಿಯೇ ನಿಂತಿದ್ದರೆ, ಬುಡದಲ್ಲಿ ಬಿರುಕಿದ್ದರೆ ಹೊಸದು ಹಾಕಿ. ರೆಕ್ಕೆ ತುಂಡಾಗಿದ್ದರೆ ಆ ತುಂಡನ್ನು ಹುಡುಕಲೇಬೇಕು. ಅದು ಮೇಲಿನ ನೀರಿನ ದಾರಿಯಲ್ಲಿ ಸಿಕ್ಕಿಕೊಂಡರೆ ಹೊಸ ಇಂಪೆಲ್ಲರ್ ಹಾಕಿಯೂ ಇಂಜಿನ್ ಬಿಸಿಯಾಗುತ್ತದೆ. ಕೆಳಗಿನ ತಗಡಿನಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಅದನ್ನೂ ಬದಲಿಸಿ, ಇಲ್ಲವಾದರೆ ಪಂಪಿಗೆ ಒತ್ತಡ ಬರುವುದಿಲ್ಲ.

ಕೂರಿಸುವಾಗ ಇಂಪೆಲ್ಲರನ್ನು ಶಾಫ್ಟಿಗೆ ಹಿಡಿಸುವ ಸಣ್ಣ ಕೀ ಮರೆಯಬೇಡಿ. ರಬ್ಬರಿಗೆ ಸೋಪುನೀರು ಸವರಿ, ಸಾಮಾನ್ಯ ಗ್ರೀಸ್ ಬೇಡ. ಶಾಫ್ಟನ್ನು ಮೇಲಿನಿಂದ ನೋಡಿ ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸುತ್ತಾ ಮುಚ್ಚಳ ಒತ್ತಿದರೆ ರೆಕ್ಕೆಗಳು ಸರಿಯಾಗಿ ಬಾಗುತ್ತವೆ. ಶಾಫ್ಟಿನ ಹಲ್ಲುಗಳ ಪಕ್ಕಕ್ಕೆ ಗ್ರೀಸ್ ಹಚ್ಚಿ, ತುದಿಯ ಮೇಲೆ ಹಚ್ಚಬೇಡಿ. ಅಲ್ಲಿ ಗ್ರೀಸ್ ತುಂಬಿದರೆ ಶಾಫ್ಟ್ ಪೂರ್ತಿ ಒಳಗೆ ಕೂರುವುದಿಲ್ಲ. ನೀರಿನ ಕೊಳವೆ ತನ್ನ ರಬ್ಬರಿನೊಳಗೆ ಹೋಯಿತಾ ಎಂದು ನೋಡಿಕೊಂಡೇ ಬೋಲ್ಟ್ ಬಿಗಿಯಿರಿ.

ಪ್ರಶ್ನೆ: ಬಿಚ್ಚಿದೆ ಅಣ್ಣ, ಎರಡು ರೆಕ್ಕೆ ಸೀಳಿವೆ, ತುಂಡು ಹೋಗಿಲ್ಲ. ಆದರೆ ಗೇರ್ ಆಯಿಲ್ ಮಜ್ಜಿಗೆಯ ಹಾಗೆ ಬಂತು. ಹೊಸ ಆಯಿಲ್ ಹಾಕಿದರೆ ಸಾಕಾ?

ಉತ್ತರ: ಸಾಲದು. ಮಜ್ಜಿಗೆ ಬಣ್ಣವೆಂದರೆ ನೀರು ಒಳಗೆ ಹೋಗಿದೆ. ಫ್ಯಾನ್ (ದೋಣಿ ತಳ್ಳುವ ಪ್ರೊಪೆಲ್ಲರ್) ಕಳಚಿ ನೋಡಿ. ಬಲೆಯ ನೂಲು ಶಾಫ್ಟಿಗೆ ಸುತ್ತಿಕೊಂಡು ನೀರು ತಡೆಯುವ ಸೀಲ್ ಕತ್ತರಿಸುವುದು ನಮ್ಮ ಕಡೆ ತುಂಬಾ. ಹಾಗಿದ್ದರೆ ಸೀಲ್ ಬದಲಿಸದೆ ಸಮುದ್ರಕ್ಕೆ ಇಳಿಸಬೇಡಿ, ಬೇರಿಂಗ್ ತುಕ್ಕು ಹಿಡಿದರೆ ಖರ್ಚು ಹಲವು ಪಟ್ಟು. ಹೊಸ ಆಯಿಲ್ ಕೆಳಗಿನ ತೂತಿನಿಂದ ಒತ್ತಿ ತುಂಬಿ. ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಆಯಿಲ್ ಬಂದಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು ಹಾಕಿ. ವಾಷರ್ ಎರಡೂ ಹೊಸದೇ ಇರಲಿ.

ಪ್ರಶ್ನೆ: ದಿನಾ ಸಿಹಿನೀರಿನಲ್ಲಿ ಓಡಿಸಲೇಬೇಕಾ?

ಉತ್ತರ: ಆದಷ್ಟೂ ಓಡಿಸಿ. ಡ್ರಮ್ಮಿನಲ್ಲಿ ನೀರು ಫ್ಯಾನಿನ ಮೇಲಿನ ಅಗಲ ತಟ್ಟೆ ಮುಳುಗುವಷ್ಟಿರಲಿ, ನ್ಯೂಟ್ರಲ್‌ನಲ್ಲಿ ನಿಧಾನ ವೇಗದಲ್ಲಿ 10 ನಿಮಿಷ ಸಾಕು. ನೀರಿಲ್ಲದೆ ಸ್ಟಾರ್ಟ್ ಮಾಡಿ ನೋಡುವುದು ಬೇಡವೇ ಬೇಡ, ಹೊಸ ಇಂಪೆಲ್ಲರ್ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಡ್ರಮ್ಮಿನಲ್ಲಿರುವಾಗಲೇ ಪೆಟ್ರೋಲ್ ಪೈಪ್ ಕಳಚಿ ಇಂಜಿನ್ ತಾನಾಗಿ ನಿಲ್ಲಲು ಬಿಡಿ, ಕಾರ್ಬುರೇಟರಿನಲ್ಲಿ ಅಂಟು ಕಟ್ಟುವುದಿಲ್ಲ.