ಒಂದೇ ಸಮಸ್ಯೆಗೆ ಅಂಟಿಕೊಳ್ಳಬೇಕೇ?

ಹೊಸಹೆಜ್ಜೆ: ಏಳು ವರ್ಷಗಳಿಂದ ಬಾಲಕಾರ್ಮಿಕರನ್ನು ಬಿಡಿಸುವ ಕೆಲಸವೊಂದನ್ನೇ ಮಾಡುತ್ತಿದ್ದೇನೆ. ಹುಡುಗನನ್ನು ಬಿಡಿಸಿ ತಂದರೆ ಅವನಪ್ಪನ ಸಾಲ ಎದುರಿಗೆ ನಿಲ್ಲುತ್ತದೆ. ಸಾಲದ ಹಿಂದೆ ಕೂಲಿ, ಕೂಲಿಯ ಹಿಂದೆ ಜಮೀನು. ಎಲ್ಲಕ್ಕೂ ಕೈ ಹಾಕೋಣವೆಂದರೆ ಸಂಸ್ಥೆಯ ಹಿರಿಯರು ‘ಅದು ನಮ್ಮ ಕೆಲಸವಲ್ಲ’ ಎನ್ನುತ್ತಾರೆ. ನೀವೇನು ಹೇಳುತ್ತೀರಿ?

ಕಡತಪ್ರಿಯ: ಹಿರಿಯರ ಮಾತು ಸರಿ. 1787ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಮಿತಿ ಗುಲಾಮಗಿರಿಯ ಬುಡಕ್ಕೇ ಕೊಡಲಿ ಹಾಕಲು ಹೋಗಲಿಲ್ಲ. ಗುಲಾಮರ ವ್ಯಾಪಾರವನ್ನಷ್ಟೇ ಗುರಿಯಾಗಿಸಿಕೊಂಡಿತು. ಆ ವ್ಯಾಪಾರ ನಾವಿಕರನ್ನು ತಯಾರು ಮಾಡುತ್ತದೆ ಎಂದು ಅದರ ಪರವಾದವರು ಹೇಳುತ್ತಿದ್ದರು. ಸಮಿತಿಯ ಥಾಮಸ್ ಕ್ಲಾರ್ಕ್‌ಸನ್ ಬಂದರಿನಿಂದ ಬಂದರಿಗೆ ಅಲೆದು, ಹಡಗುಗಳ ಹಾಜರಿ ಪಟ್ಟಿಗಳನ್ನು ತೆರೆದು, ಅದರಲ್ಲಿ ನಾವಿಕರೇ ಹೇಗೆ ಸಾಯುತ್ತಿದ್ದಾರೆ ಎಂಬ ಲೆಕ್ಕ ತೆಗೆದ. 1807ರಲ್ಲಿ ವ್ಯಾಪಾರ ನಿಷೇಧವಾಯಿತು. ಎಲ್ಲದರ ಬಗ್ಗೆಯೂ ಭಾಷಣ ಮಾಡುವವನಿಗೆ ಆ ಪಟ್ಟಿಗಳನ್ನು ಓದುವ ಪುರುಸೊತ್ತು ಎಲ್ಲಿಂದ ಬರಬೇಕು?

ಎದುರುಗಾಳಿ: ಅದೇ ಸಮಿತಿಯ ಗ್ರ್ಯಾನ್‌ವಿಲ್ ಶಾರ್ಪ್ ಈ ಸಣ್ಣ ಗುರಿಯನ್ನು ವಿರೋಧಿಸಿದ್ದನ್ನು ನೀವು ಹೇಳಲಿಲ್ಲ. ವ್ಯಾಪಾರ ನಿಂತರೂ ತೋಟಗಳಲ್ಲಿದ್ದವರು ಗುಲಾಮರಾಗಿಯೇ ಉಳಿದರು. ಗುಲಾಮಗಿರಿಯನ್ನೇ ರದ್ದು ಮಾಡುವ ಕಾನೂನಿಗೆ 1833ರವರೆಗೆ ಕಾಯಬೇಕಾಯಿತು. ಆಗಲೂ ಎರಡು ಕೋಟಿ ಪೌಂಡ್ ಪರಿಹಾರ ಸಂದದ್ದು ಒಡೆಯರಿಗೆ, ದುಡಿದವರಿಗಲ್ಲ.

ಕಡತಪ್ರಿಯ: ಶಾರ್ಪ್ ಮಾತು ನಡೆದಿದ್ದರೆ 1807ರ ಕಾನೂನೂ ಬರುತ್ತಿರಲಿಲ್ಲವೇನೋ.

ಎದುರುಗಾಳಿ: ‘ಏನೋ’ ಎಂಬುದರ ಮೇಲೆ ಮನೆ ಕಟ್ಟಬೇಡಿ.

ಲೆಕ್ಕಿಗ: ನಾನು ಇಂಥದೇ ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ‘ನಮ್ಮ ಕೆಲಸವಲ್ಲ’ ಎಂಬುದಕ್ಕೆ ಎಷ್ಟೋ ಸಲ ‘ಅನುದಾನದ ಅರ್ಜಿಯಲ್ಲಿ ಅದಕ್ಕೆ ಖಾನೆಯಿಲ್ಲ’ ಎಂದಷ್ಟೇ ಅರ್ಥ. ತತ್ವದ ಚರ್ಚೆಗೆ ಮುಂಚೆ ಅದನ್ನು ಕೇಳಿಕೊಳ್ಳಿ.

ದಾರಿಹೋಕ: ಹಾಜರಿ ಪಟ್ಟಿ ಎಂದೊಡನೆ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ನೆನಪಾಯಿತು. 1990ರಲ್ಲಿ ಶುರುವಾದ ಅದು ಹಿಡಿದದ್ದು ಸರ್ಕಾರಿ ಕಾಮಗಾರಿಗಳಲ್ಲಿನ ಕನಿಷ್ಠ ಕೂಲಿಯ ಜಗಳವನ್ನು. ಕೂಲಿ ಕೇಳಿದರೆ, ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆ ಹಾಗೆ ಹೇಳುತ್ತದೆ ಎಂಬ ಉತ್ತರ. ದಾಖಲೆ ಕೇಳಿದರೆ, ಅದು ಗುಟ್ಟು. ಅಲ್ಲಿಗೆ ಜಗಳ ದಾಖಲೆಯತ್ತ ತಿರುಗಿತು. 1994ರಿಂದ ಊರ ಮುಂದೆ ಪಟ್ಟಿಗಳನ್ನು ಓದಿಸಿದರು; ಕೆಲಸಕ್ಕೆ ಬಾರದವರ ಹೆಸರಿನಲ್ಲೂ ಕೂಲಿ ಬರೆದಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ. ಅವರನ್ನು ಒಂದೇ ವಿಷಯದವರು ಎನ್ನುತ್ತೀರೋ, ಹಲವು ವಿಷಯದವರು ಎನ್ನುತ್ತೀರೋ? ಹೊಸಹೆಜ್ಜೆ, ಜಮೀನು, ಕೂಲಿ ಎಂದು ಹರಡಿಕೊಳ್ಳುವ ಮೊದಲು ಆ ಹುಡುಗನನ್ನು ಅಲ್ಲಿ ಕಟ್ಟಿಹಾಕಿರುವ ಕಾಗದ ಯಾವುದೆಂದು ಹುಡುಕಿ. ಅದು ಎಲ್ಲಿಗೆ ಕರೆದೊಯ್ದರೆ ಅಲ್ಲಿಗೆ ಹೋಗಿ.

ಹೊಸಹೆಜ್ಜೆ: ತೊಂದರೆ ಅದೇ. ಕಾಗದವೇ ಇಲ್ಲ. ಮುಂಗಡ ಕೊಡುವುದು ಬಾಯಿಮಾತಿನಲ್ಲಿ, ಬಡ್ಡಿ ಏರುವುದೂ ಬಾಯಿಮಾತಿನಲ್ಲಿ.

ಎದುರುಗಾಳಿ: ಹಾಗಿದ್ದರೆ ನೀವೇ ಬರೆಯಿರಿ. ಯಾವ ಮನೆ, ಎಷ್ಟು ಮುಂಗಡ, ಮಗ ಎಷ್ಟು ದಿನ ದುಡಿದ, ಎಷ್ಟು ತೀರಿತು ಎಂದು.

ಕಡತಪ್ರಿಯ: ಇದಕ್ಕೆ ನನ್ನ ತಕರಾರಿಲ್ಲ. ಎದುರುಗಾಳಿಯವರೊಡನೆ ಒಮ್ಮತಕ್ಕೆ ಬಂದದ್ದು ನನಗೇ ಆಶ್ಚರ್ಯ.

ಹೊಸಹೆಜ್ಜೆ: ನಾವು ಬಿಡಿಸಿದ ಮಕ್ಕಳ ಮನೆಗಳೇ ನಲವತ್ತಿವೆ. ಅವುಗಳಿಂದ ಶುರು ಮಾಡುತ್ತೇನೆ. ಹಿರಿಯರು ಕೇಳಿದರೆ, ಮಕ್ಕಳ ಕಡತಕ್ಕೆ ಒಂದು ಹಾಳೆ ಸೇರಿಸಿದ್ದೇನೆ ಎನ್ನುತ್ತೇನೆ.