ಕಲ್ಲಿದ್ದಲಿನ ಸಣ್ಣ ರಂಧ್ರಗಳಲ್ಲಿ ಮೀಥೇನ್: ಒತ್ತಡ ಇಳಿದಾಗ ನನ್ನ ಲೆಕ್ಕ ಯಾಕೆ ತಪ್ಪುತ್ತಿದೆ?

ಸೋಮವಾರಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ಧನ್‌ಬಾದ್‌ನಲ್ಲಿ ಎಂ.ಟೆಕ್ ಓದುತ್ತಿದ್ದೇನೆ, ರಜೆಗೆ ಊರಿಗೆ ಬಂದಿದ್ದೇನೆ. ಮಳೆಗೆ ಮೂರು ದಿನದಿಂದ ಕರೆಂಟ್ ಸರಿಯಿಲ್ಲ, ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಇದೇ ಕೆಲಸ. ಸೀಳಿಲ್ಲದ ಕಲ್ಲಿದ್ದಲಿನ ತುಂಡೊಂದನ್ನು 10 ನ್ಯಾನೋಮೀಟರ್ ಅಗಲದ ಕೊಳವೆಗಳ ಕಟ್ಟು ಅಂತ ಇಟ್ಟುಕೊಂಡು, ನೀರಿನ ಪೈಪಿಗೆ ಹಾಕುವ ಅದೇ ಪ್ವಾಜೊಯ್ ಸೂತ್ರ ಹಾಕಿದ್ದೇನೆ. ಲ್ಯಾಬ್‌ನಲ್ಲಿ ಒತ್ತಡ ಇಳಿಸಿದಂತೆ ಪರ್ಮಿಯಬಿಲಿಟಿ, ಅಂದರೆ ಕಲ್ಲಿದ್ದಲು ಅನಿಲವನ್ನು ಎಷ್ಟು ಸುಲಭವಾಗಿ ಹಾದುಹೋಗಲು ಬಿಡುತ್ತದೆ ಅನ್ನುವ ಅಳತೆ, ಏರುತ್ತಾ ಹೋಗುತ್ತದೆ. ನನ್ನದು ಮಾತ್ರ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಒಂದೇ ಸಮ. ಕೋಡ್ ಮೂರು ಸಲ ನೋಡಿದೆ, ತಪ್ಪು ಸಿಗಲಿಲ್ಲ. ಎಲ್ಲಿ ಎಡವಿದ್ದೇನೆ?

ಫಿಸಿಕ್ಸ್ ಮೇಡಂ, ಮಡಿಕೇರಿ:
ಕೋಡ್ ಸರಿ ಇರಬಹುದಪ್ಪ, ಸೂತ್ರ ಇಲ್ಲಿಗೆ ಹೊಂದುವುದಿಲ್ಲ. ಮೀಥೇನ್ ಕಣ ಒಂದು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸರಾಸರಿ ಎಷ್ಟು ದೂರ ಓಡುತ್ತದೆ? 1 ವಾಯುಭಾರದಲ್ಲಿ ಸುಮಾರು 50ರಿಂದ 60 ನ್ಯಾನೋಮೀಟರ್. ನಿನ್ನ ಕೊಳವೆ ಇರುವುದೇ 10. ಅಂದರೆ ಕಣಗಳು ಒಂದಕ್ಕೊಂದು ತಾಗುವುದಕ್ಕಿಂತ ಗೋಡೆಗೆ ತಾಗುವುದೇ ಜಾಸ್ತಿ. ಆ ದೂರವನ್ನು ಕೊಳವೆಯ ಅಗಲದಿಂದ ಭಾಗಿಸಿದರೆ ಕ್ನುಡ್ಸನ್ ಸಂಖ್ಯೆ, ಇಲ್ಲಿ 5ರ ಮೇಲೆ. 0.001ಕ್ಕಿಂತ ಕಡಿಮೆ ಇದ್ದರೆ ಮಾತ್ರ ಪ್ವಾಜೊಯ್ ಸೂತ್ರವನ್ನು ಕಣ್ಣುಮುಚ್ಚಿ ನಂಬಬಹುದು. 50 ವಾಯುಭಾರಕ್ಕೆ ಏರಿಸಿದರೂ ಸಂಖ್ಯೆ 0.1ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಈಗಷ್ಟೇ ಕಾಗದದ ಮೇಲೆ ಮಾಡಿ ನೋಡಿದೆ. ಕೋಣೆಯ ಉಷ್ಣತೆಯಲ್ಲಿ ಮೀಥೇನ್ ಕಣದ ಸರಾಸರಿ ವೇಗ ಸೆಕೆಂಡಿಗೆ 630 ಮೀಟರ್. ಅದನ್ನು ಅಗಲದಿಂದ ಗುಣಿಸಿ 3ರಿಂದ ಭಾಗಿಸಿದರೆ ಕ್ನುಡ್ಸನ್ ಡಿಫ್ಯೂಷನ್ ಸಿಗುತ್ತದೆ, ಅಂದರೆ ಕಣಗಳು ಗೋಡೆಗೆ ತಾಗಿ ತಾಗಿ ಎಷ್ಟು ಬೇಗ ಹರಡುತ್ತವೆ ಅನ್ನುವುದು. 1 ವಾಯುಭಾರದಲ್ಲಿ ಇದರಿಂದ ಸಾಗುವ ಅನಿಲ ನಿನ್ನ ಪ್ವಾಜೊಯ್ ಉತ್ತರದ ಸುಮಾರು 70 ಪಟ್ಟು! 50 ವಾಯುಭಾರದಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮಕ್ಕೆ ಬರುತ್ತವೆ. ನಿನ್ನ ಲ್ಯಾಬ್ ಗೆರೆ ಏರುವುದು ಇದಕ್ಕೇ. ಕ್ಲಿಂಕನ್‌ಬರ್ಗ್ 1941ರಲ್ಲೇ ಇದನ್ನು ತೋರಿಸಿದ್ದಾರೆ. ಮೊದಲು ಎರಡನ್ನೂ ಸುಮ್ನೆ ಕೂಡಿಸಿ ನೋಡು.

ಕುಶಾಲನಗರ ರೋಸ್ಟರ್:
ನಾನು ಕಾಫಿ ಹುರಿಯುವವನು, ಕಲ್ಲಿದ್ದಲು ಗೊತ್ತಿಲ್ಲ. ಆದರೆ ಅನಿಲ ರಂಧ್ರದಿಂದ ಹೊರಬರುವುದನ್ನು ದಿನಾ ನೋಡುತ್ತೇನೆ. ಹುರಿಯುವಾಗ ಬೀಜದೊಳಗೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ದಿನಗಟ್ಟಲೆ ನಿಧಾನಕ್ಕೆ ಬಿಡುತ್ತದೆ. ಪ್ಯಾಕೆಟ್ಟಿಗೆ ವಾಲ್ವ್ ಇಡುವುದು ಅದಕ್ಕೇ, ಇಲ್ಲದಿದ್ದರೆ ಬೆಳಿಗ್ಗೆಗೆ ದಿಂಬಿನ ಹಾಗೆ ಉಬ್ಬಿರುತ್ತದೆ. ಅದೇ ಬೀಜ ಪುಡಿ ಮಾಡಿದರೆ ಅನಿಲ ಬೇಗ ಹೋಗಿಬಿಡುತ್ತದೆ. ಕಲ್ಲಿದ್ದಲಿನಲ್ಲೂ ಹೀಗೇನಾ?

ರಾಣಿಗಂಜ್‌ನಿಂದ ವಾಪಸ್:
ಹೌದಣ್ಣ, ತುಂಬ ಸರಿಯಾಗಿ ಹೇಳಿದಿರಿ. ಅನಿಲ ನುಸುಳಿ ಹೊರಬರಬೇಕಾದ ದೂರ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು. ಕಲ್ಲಿದ್ದಲಿನಲ್ಲಿ ಆ ಪುಡಿ ಮಾಡುವ ಕೆಲಸವನ್ನು ಭೂಮಿಯೇ ಮಾಡಿಟ್ಟಿದೆ, ಕ್ಲೀಟ್ ಅಂತ ಕರೆಯುವ ಸಹಜ ಸೀಳುಗಳಿವೆ. ಅನಿಲ ಸಣ್ಣ ರಂಧ್ರಗಳಿಂದ ನುಸುಳಿ ಸೀಳಿಗೆ ಬಂದು, ಅಲ್ಲಿಂದ ಬಾವಿಗೆ ಹರಿಯುತ್ತದೆ. ರಾಣಿಗಂಜ್‌ನ ಮೀಥೇನ್ ಬಾವಿಗಳಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಕೋರ್, ಅಂದರೆ ಬಾವಿಯಿಂದ ಕೊರೆದು ತೆಗೆದ ಕಲ್ಲಿದ್ದಲಿನ ತುಂಡು, ಮೇಲೆ ಬಂದಾಗ ಒದ್ದೆ ಕಪ್ಪು ಮೈಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತಿರುತ್ತವೆ, ಕಿವಿ ಹತ್ತಿರ ತಂದರೆ ಚುರ್ ಅನ್ನುವುದು ಕೇಳುತ್ತದೆ. ಆಗ ಒಂದೊಂದು ನಿಮಿಷವೂ ಲೆಕ್ಕ, ತಡವಾದಷ್ಟು ಅನಿಲ ಗಾಳಿಗೆ ಹೋಗುತ್ತದೆ. ಹಾಗಾಗಿ ಓಡಿ ಡಬ್ಬಿಗೆ ಹಾಕಿ ಬಿಗಿಯುತ್ತಿದ್ದೆವು.

ತಮ್ಮಾ, ಮೇಡಂ ಹೇಳಿದ್ದು ಮಾಡಿದರೂ ಮೀಥೇನ್ ಪೂರ್ತಿ ಹೊಂದುವುದಿಲ್ಲ. ಕಲ್ಲಿದ್ದಲಿನಲ್ಲಿ ಬಹುಪಾಲು ಅನಿಲ ಇರುವುದು ರಂಧ್ರದ ಖಾಲಿ ಜಾಗದಲ್ಲಲ್ಲ, ಗೋಡೆಗೆ ಅಂಟಿಕೊಂಡು. ಎಷ್ಟು ಅಂಟುತ್ತದೆ ಅನ್ನುವುದಕ್ಕೆ ಲ್ಯಾಂಗ್ಮೂರ್ ಸೂತ್ರ ಹಾಕುತ್ತಾರೆ. ಅಂಟಿದ ಪದರ ಸುಮಾರು 0.4 ನ್ಯಾನೋಮೀಟರ್ ದಪ್ಪ. ನಿನ್ನ 10ರ ಕೊಳವೆ 9.2 ಆಗುತ್ತದೆ, ಅದೇನು ದೊಡ್ಡದಲ್ಲ. ಆದರೆ 2ರ ಕೊಳವೆ 1.2 ಆಗಿಬಿಡುತ್ತದೆ, ಮತ್ತು ಕಲ್ಲಿದ್ದಲಿನ ಒಳಮೈ ಜಾಸ್ತಿ ಇರುವುದೇ ಅಂಥ ರಂಧ್ರಗಳಲ್ಲಿ. ಎಲ್ಲ ಕೊಳವೆಗೂ ಒಂದೇ ಅಗಲ ಕೊಟ್ಟಿದ್ದೀಯಲ್ಲ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಮೇಲಾಗಿ ಅನಿಲ ಅಂಟಿದಾಗ ಕಲ್ಲಿದ್ದಲು ಊದಿಕೊಳ್ಳುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಬಾವಿಯಲ್ಲಿ ನೀರು ತೆಗೆದು ಒತ್ತಡ ಇಳಿಸಿದಾಗ ಮೇಲಿನ ಭಾರ ಸೀಳನ್ನು ಮುಚ್ಚಲು ನೋಡುತ್ತದೆ, ಕುಗ್ಗುವಿಕೆ ತೆರೆಯಲು ನೋಡುತ್ತದೆ. ಯಾವುದು ಗೆಲ್ಲುತ್ತದೆ ಅನ್ನುವುದು ಆಯಾ ಕಲ್ಲಿದ್ದಲಿಗೆ ಬಿಟ್ಟದ್ದು.

ನನ್ನ ಮಾತು ಕೇಳಿದರೆ ಮೀಥೇನ್ ಪಕ್ಕಕ್ಕಿಡು. ಮೊದಲು ಹೀಲಿಯಂ ಅಳತೆಗೆ ಹೊಂದಿಸು, ಅದು ಗೋಡೆಗೆ ಅಂಟುವುದಿಲ್ಲ ಅಂತಲೇ ಲೆಕ್ಕ. ಕೊಳವೆಯ ಅಗಲ ಅದರಿಂದ ಗಟ್ಟಿಯಾಗಲಿ. ಆಮೇಲೆ ಮೀಥೇನ್‌ನಲ್ಲಿ ಉಳಿಯುವ ವ್ಯತ್ಯಾಸ ಅಂಟುವುದರದ್ದು, ಊದುವುದರದ್ದು. ಅಗಲವನ್ನೂ ಇವನ್ನೂ ಒಟ್ಟಿಗೆ ತಿರುಚುತ್ತಾ ಕೂತರೆ ಯಾವ ಗೆರೆಯನ್ನಾದರೂ ಹೊಂದಿಸಬಹುದು, ಕಲ್ಲಿದ್ದಲಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಸೋಮವಾರಪೇಟೆ ಹುಡುಗ:
ತಡವಾಯಿತು, ಕರೆಂಟ್ ಈಗ ಬಂತು. ಮೇಡಂ, ಕೂಡಿಸಿದೆ. ಹೀಲಿಯಂ ಗೆರೆ ಅಳತೆಯ ಚುಕ್ಕಿಗಳ ಜೊತೆಗೇ ಏರುತ್ತಿದೆ, ನೋಡಿ ತುಂಬ ಖುಷಿಯಾಯಿತು. ಮೀಥೇನ್ ಮಾತ್ರ ಅಣ್ಣ ಹೇಳಿದ ಹಾಗೆಯೇ, ನನ್ನ ಗೆರೆ ಅಳತೆಗಿಂತ ಮೇಲೆ ನಿಂತಿದೆ. ಇವತ್ತು ರಾತ್ರಿ 2 ನ್ಯಾನೋಮೀಟರ್ ಕೊಳವೆಗಳನ್ನೂ ಸೇರಿಸುತ್ತೇನೆ. ಅಣ್ಣ, ಒಂದು ಕೇಳಬೇಕಿತ್ತು: ಸೀಳಿನಿಂದ ಸೀಳಿಗೆ ಎಷ್ಟು ದೂರ ಅಂತ ನೀವು ಕೋರ್ ಮೇಲೆ ಸ್ಕೇಲ್ ಇಟ್ಟೇ ಅಳೆಯುತ್ತಿದ್ದಿರಾ?