ಅಪ್‌ಡೇಟ್: ಒಣಗಿಸಿದ ಬಾಳೆಹಣ್ಣು ಈಗ ಮೆತ್ತಗಾಗುತ್ತಿಲ್ಲ

ಉಡುಪಿಯ ಈ ಮಳೆಯಲ್ಲಿ, ಡಿಹೈಡ್ರೇಟರ್‌ನಲ್ಲಿ ಒಣಗಿಸಿದ ನೇಂದ್ರ ಬಾಳೆಹಣ್ಣು ಡಬ್ಬಿಗೆ ಹಾಕಿದ ಮೇಲೆ ಮತ್ತೆ ಮೆತ್ತಗಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ. ಸರಿಯಾಯಿತು! ನೀವು ಹೇಳಿದ ಹಾಗೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ಲಿಂಬೆರಸ ಸವರಿ, 57 ಡಿಗ್ರಿಯಲ್ಲೇ ನಿಧಾನಕ್ಕೆ ಬಿಟ್ಟೆ. ಬಿಸಿ ಜಾಸ್ತಿಯಾದರೆ ಹೊರಗೆ ಮಾತ್ರ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಉಳಿಯುತ್ತದೆ, ಆಮೇಲೆ ಡಬ್ಬಿಯಲ್ಲಿ ಹೊರಗೆ ಬರುತ್ತದೆ. ತಣಿದ ಮೇಲೆ ಗಾಜಿನ ಬಾಟ್ಲಿಗೆ ಸಡಿಲವಾಗಿ ತುಂಬಿಸಿ ಒಂದು ವಾರ ದಿನಾ ಕುಲುಕಬೇಕು, ಒಳಗೆ ಬೆವರು ಕಂಡರೆ ವಾಪಸ್ ಮೆಷಿನ್‌ಗೆ. ನಮ್ಮದರಲ್ಲಿ ಕಾಣಲಿಲ್ಲ. ತುಂಡು ಈಗ ಚರ್ಮದ ಹಾಗೆ ಬಗ್ಗುತ್ತದೆ, ಬೆರಳಿಗೆ ಅಂಟುವುದಿಲ್ಲ. ಕರಿಬೇವಿಗೆ 40 ಡಿಗ್ರಿ ಸಾಕು, ತಿಕ್ಕಿದರೆ ಪುಡಿ. ಹಲಸಿನ ಹಪ್ಪಳಕ್ಕೆ ಮಾತ್ರ ಬಿಸಿಲೇ ಬೇಕು ಅಂತ ಅತ್ತೆಯ ಹಠ, ಅದರ ತಂಟೆಗೆ ನಾನು ಹೋಗುವುದಿಲ್ಲ.